ಇಸಿಯೊಲೊ ದಾಟಿದ ಮೇಲೆ: ಉತ್ತರ ಕೀನ್ಯಾದ ಕಚ್ಚಾ ದಾರಿಗಳಲ್ಲಿ ಕೆಲಸದ ಪ್ರಯಾಣ ಮಾಡುವ ಬಗೆ

ನೈರೋಬಿಯಿಂದ ಉತ್ತರಕ್ಕೆ ಹೊರಟ ಡಾಂಬರು ರಸ್ತೆ ದಶಕಗಳ ಕಾಲ ಇಸಿಯೊಲೊ ಪಟ್ಟಣದಲ್ಲೇ ಮುಗಿದುಹೋಗುತ್ತಿತ್ತು. ಅಲ್ಲಿಂದ ಆರ್ಚರ್ಸ್ ಪೋಸ್ಟ್, ಮೆರಿಲೆ, ಲೈಸಮಿಸ್, ಮರ್ಸಬಿಟ್, ಟರ್ಬಿಗಳನ್ನು ಹಾದು ಇಥಿಯೋಪಿಯಾದ ಗಡಿಯಲ್ಲಿರುವ ಮೊಯಾಲೆಯನ್ನು ಮುಟ್ಟಲು ಸುಮಾರು 500 ಕಿ.ಮೀ. ಕಲ್ಲು, ಮರಳು ಮತ್ತು ಧೂಳಿನ ದಾರಿಯನ್ನು ಸವೆಸಬೇಕಾಗಿತ್ತು. ದನ ತುಂಬಿದ ಲಾರಿಗಳ ಮೇಲಿನ ಕಬ್ಬಿಣದ ಸರಳುಗಳನ್ನು ಹಿಡಿದು ಕುಳಿತು ಜನ ಎರಡು ಮೂರು ದಿನ ಪ್ರಯಾಣಿಸುತ್ತಿದ್ದ ಆ ಹಾದಿಗೆ 2010ರ ದಶಕದಲ್ಲಿ ಹಂತ ಹಂತವಾಗಿ ಡಾಂಬರು ಬಿದ್ದು, ಈಗ ಒಂದೇ ಹಗಲಿನಲ್ಲಿ ಗಡಿ ತಲುಪಬಹುದಾಗಿದೆ. ಆದರೆ ಕೊಳವೆಬಾವಿ, ಕೈಪಂಪು, ಲಸಿಕೆ, ಸಮೀಕ್ಷೆಗಳಂಥ ಕೆಲಸಗಳು ಹೆದ್ದಾರಿಯ ಅಂಚಿನಲ್ಲಿ ಇರುವುದು ಕಡಿಮೆ. ನಾರ್ತ್ ಹಾರ್, ಕಲಚಾ, ಇಲ್ಲೆರೆಟ್ ಮುಂತಾದ ಕಡೆ ಹೋಗಬೇಕಾದವರು ಡಾಂಬರು ಬಿಟ್ಟು ಇಳಿಯಲೇಬೇಕು. ಇಳಿದ ಕ್ಷಣದಿಂದ ಹಳೆಯ ಕಾಲದ ಕ್ರಮಗಳೇ ಕೆಲಸಕ್ಕೆ ಬರುತ್ತವೆ. ನೀರಿನ ಕೆಲಸಕ್ಕಾಗಿ ಆ ಸೀಮೆಯಲ್ಲಿ ಓಡಾಡಿದ ವರ್ಷಗಳನ್ನು ಹಿಂದಿರುಗಿ ನೋಡುತ್ತ, ಇಂಥದೇ ಕೆಲಸಕ್ಕೆ ಕರ್ನಾಟಕದಿಂದ ಹೊರಡುವವರಿಗೆ ಉಪಯೋಗವಾಗಲೆಂದು ಅವುಗಳನ್ನು ಇಲ್ಲಿ ಬರೆದಿಡುತ್ತಿದ್ದೇನೆ.

ಹಗಲಿನ ಲೆಕ್ಕ

ಯೋಜನೆ ಹಾಕುವಾಗ ನಕ್ಷೆಯ ಮೇಲಿನ ಕಿಲೋಮೀಟರುಗಳನ್ನು ಬದಿಗಿಟ್ಟು, ಕೈಯಲ್ಲಿರುವ ಬೆಳಕಿನ ಗಂಟೆಗಳನ್ನು ಎಣಿಸಬೇಕು. ಭೂಮಧ್ಯರೇಖೆ ಇಸಿಯೊಲೊಗಿಂತ ಸ್ವಲ್ಪ ಮೊದಲೇ, ನನ್ಯೂಕಿಯಲ್ಲಿ ಹಾದುಹೋಗುವುದರಿಂದ, ಈ ಪ್ರದೇಶದಲ್ಲಿ ವರ್ಷವಿಡೀ ಬೆಳಿಗ್ಗೆ ಸುಮಾರು 6.30ಕ್ಕೆ ಸೂರ್ಯ ಹುಟ್ಟಿ ಸಂಜೆ ಸುಮಾರು 6.30ಕ್ಕೆ ಮುಳುಗುತ್ತಾನೆ, ಮುಸ್ಸಂಜೆಯ ಬೆಳಕು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಕತ್ತಲಾದ ಮೇಲೆ ವಾಹನ ಓಡಿಸಬಾರದು ಎಂಬ ನಿಯಮಕ್ಕೆ ದರೋಡೆಯ ಭಯ ಒಂದು ಕಾರಣವಾದರೆ, ದಾರಿಯ ಮೇಲೆ ಮಲಗುವ ಒಂಟೆಗಳು, ಹಿಂದಿನ ದೀಪವಿಲ್ಲದೆ ಕೆಟ್ಟು ನಿಂತ ಲಾರಿಗಳು ಮತ್ತು ಆ ಲಾರಿಗಳ ಚಕ್ರಕ್ಕೆ ಕೊಟ್ಟು ಹಾಗೆಯೇ ಬಿಟ್ಟುಹೋದ ಕಲ್ಲುಗಳು ಉಳಿದ ಕಾರಣಗಳು. ಹಾಗಾಗಿ ಸಿಗುವುದು 12 ಗಂಟೆ. ಅದರಲ್ಲಿ 8 ಗಂಟೆಗಳಷ್ಟನ್ನು ಮಾತ್ರ ಪ್ರಯಾಣಕ್ಕೆ ಲೆಕ್ಕ ಹಿಡಿದು, ಉಳಿದದ್ದನ್ನು ಪಂಕ್ಚರು, ತನಿಖಾ ಠಾಣೆ, ಚಹಾ ಮತ್ತು ಹುಗಿದುಹೋದ ಚಕ್ರಗಳಿಗೆ ಬಿಟ್ಟುಕೊಡಬೇಕು. ಬೆಳಕು ಹರಿಯುತ್ತಲೇ ಹೊರಟು ಮಧ್ಯಾಹ್ನ 4ಕ್ಕೆ ಊರು ಸೇರುವಂತೆ ಯೋಜಿಸಿದರೆ, ಏನೇ ಎಡವಟ್ಟಾದರೂ ಸೂರ್ಯ ಮುಳುಗುವ ಮೊದಲು ತಲುಪಬಹುದು.

ನೆಲದ ಗುಣಕ್ಕೆ ತಕ್ಕಂತೆ ವೇಗ ಎಷ್ಟು ಬದಲಾಗುತ್ತದೆ ಎಂಬುದು ಕಚೇರಿಯಲ್ಲಿ ಕುಳಿತು ಕಾರ್ಯಕ್ರಮ ಬರೆಯುವವರಿಗೆ ಅಂದಾಜಾಗುವುದಿಲ್ಲ. ಮರ್ಸಬಿಟ್‌ನಿಂದ ಟರ್ಬಿಯ ಕಡೆಗೆ ಹಬ್ಬಿರುವ ದಿಡಾ ಗಲ್ಗಾಲು ಬಯಲಿನ ಕಪ್ಪು ಲಾವಾ ಕಲ್ಲುಗಳ ಮೇಲೆ, ಕಚ್ಚಾ ದಾರಿಯ ದಿನಗಳಲ್ಲಿ, ಗಂಟೆಗೆ 20–25 ಕಿ.ಮೀ. ಹೋದರೆ ಅದೇ ಹೆಚ್ಚು. ಅವಸರ ಮಾಡಿದವರ ಟೈರಿನ ಪಕ್ಕೆಗಳು ಸೀಳಿಹೋಗುತ್ತಿದ್ದವು. ಇಂದಿಗೂ ತುರ್ಕಾನಾ ಸರೋವರದ ಕಡೆಯ ಲಾವಾ ನೆಲದಲ್ಲಿ ಇದೇ ಲೆಕ್ಕ. ಆದ್ದರಿಂದ ಒಂದು ದಿನಕ್ಕೆ ಒಂದೇ ಜಾಗದ ಕೆಲಸವೆಂದು ಮೊದಲೇ ಒಪ್ಪಿಕೊಂಡು, ಮೇಲಿನವರಿಗೂ ಹಾಗೆಯೇ ಹೇಳಿ ಹೊರಡುವುದು ಒಳ್ಳೆಯದು. ನೈರೋಬಿಯಲ್ಲಿ ದಿನಕ್ಕೆ ಮೂರು ಹಳ್ಳಿ ಎಂದು ಬರೆದುಕೊಂಡ ಪಟ್ಟಿಗಳು ಮರ್ಸಬಿಟ್‌ನ ಮಂಜಿನಲ್ಲಿ ಎರಡನೆಯ ದಿನವೇ ಬದಲಾಗುತ್ತಿದ್ದವು.

ಹೊರಡುವ ಹೊತ್ತನ್ನು ನಿಗದಿ ಮಾಡುವಾಗ ಇನ್ನೊಂದು ಎಚ್ಚರಿಕೆ ಬೇಕು. ಸ್ವಾಹಿಲಿಯಲ್ಲಿ ಗಂಟೆಯನ್ನು ಬೆಳಗಿನ ಆರರಿಂದ ಎಣಿಸುತ್ತಾರೆ. ನಮ್ಮ 7 ಗಂಟೆ ಅವರಿಗೆ ಒಂದನೆಯ ಗಂಟೆ, ನಮ್ಮ 8 ಗಂಟೆ ಎರಡನೆಯದು. ಗಡಿಯಾಚೆ ಇಥಿಯೋಪಿಯಾದಲ್ಲೂ ಇದೇ ಕ್ರಮವಿದೆ. ದಾರಿ ತೋರಿಸುವವರೊಂದಿಗೆ ಮಾತಾಡುವಾಗ ಕೈಗಡಿಯಾರದ ಮುಳ್ಳನ್ನೇ ತೋರಿಸಿ ಖಚಿತಪಡಿಸಿಕೊಂಡರೆ ಅರ್ಧ ದಿನ ಉಳಿಯುತ್ತದೆ.

ಕೆಲವು ಅವಧಿಗಳಲ್ಲಿ ಇಸಿಯೊಲೊದ ಗೇಟಿನಿಂದ ಪೊಲೀಸ್ ಕಾವಲಿನೊಂದಿಗೆ ಲಾರಿಗಳ ಸಾಲು ಹೊರಡುತ್ತಿತ್ತು. ಈಗಲೂ ಗಲಭೆಯ ಸುದ್ದಿ ಬಂದಾಗ ಒಳದಾರಿಗಳಿಗೆ ಕಾವಲು ಕೊಡುವುದುಂಟು. ಸಾಲು ಹೊರಡುವುದು ತಡವಾದರೆ ಕಾಯಬೇಕು, ಅಥವಾ ಆ ದಿನವನ್ನು ಕೈಬಿಡಬೇಕು. ಕಾದು ಬೇಸತ್ತು ಒಂಟಿಯಾಗಿ ಮುಂದೆ ಹೋಗುವ ನಿರ್ಧಾರವನ್ನು ಹೊರಗಿನಿಂದ ಬಂದವರು ಎಂದೂ ತೆಗೆದುಕೊಳ್ಳಬಾರದು.

ವಾಹನ, ಸಾಮಾನು, ಚಾಲಕ

ಈ ದಾರಿಗಳಲ್ಲಿ ಟೊಯೋಟಾ ಲ್ಯಾಂಡ್ ಕ್ರೂಸರ್‌ನ 70ರ ಸರಣಿಯ ಗಾಡಿಗಳೇ ಹೆಚ್ಚಾಗಿ ಕಾಣುವುದಕ್ಕೆ ಕಾರಣ ಸರಳವಾಗಿದೆ. ಅವುಗಳ 4.2 ಲೀಟರಿನ ಆರು ಸಿಲಿಂಡರ್ ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ಎಲೆಕ್ಟ್ರಾನಿಕ್ ಭಾಗಗಳು ಇಲ್ಲವೆನ್ನುವಷ್ಟು ಕಡಿಮೆ, ಮತ್ತು ಮರದ ನೆರಳಿನಲ್ಲಿ ಕುಳಿತ ಮೆಕ್ಯಾನಿಕ್ ಕೂಡ ಅವನ್ನು ಬಿಚ್ಚಿ ಜೋಡಿಸಬಲ್ಲನು. ಉದ್ದನೆಯ ಮಾದರಿಯಲ್ಲಿ ಎರಡು ಟ್ಯಾಂಕ್ ಸೇರಿ 180 ಲೀಟರ್ ಡೀಸೆಲ್ ಹಿಡಿಯುತ್ತದೆ. ಮರಳಿನಲ್ಲಿ ಲೀಟರಿಗೆ 5–6 ಕಿ.ಮೀ. ಎಂದು ಹಿಡಿದು, ಹೋಗಿ ಬರುವ ದೂರಕ್ಕೆ ಬೇಕಾದ ಇಂಧನದ ಮೇಲೆ ಮೂರನೆಯ ಒಂದು ಭಾಗ ಹೆಚ್ಚಿಗೆ ಇರಿಸಿಕೊಳ್ಳಬೇಕು. ಹಳ್ಳಿಗಳಲ್ಲಿ ಡ್ರಮ್ಮಿನಿಂದ ಕೊಳ್ಳುವ ಡೀಸೆಲ್ಲಿನಲ್ಲಿ ನೀರು ಮತ್ತು ತುಕ್ಕು ಇರುವುದರಿಂದ ಬಟ್ಟೆಯಲ್ಲಿ ಸೋಸಿ ಹಾಕಬೇಕು, ಫ್ಯೂಯಲ್ ಫಿಲ್ಟರುಗಳನ್ನು ಒಂದಕ್ಕಿಂತ ಹೆಚ್ಚು ಒಯ್ಯಬೇಕು.

ಸ್ಟೆಪ್ನಿ ಎರಡು ಇರಲೇಬೇಕು. ಅಷ್ಟೇ ಮುಖ್ಯವಾಗಿ ಟ್ಯೂಬುಗಳು, ಪ್ಯಾಚು, ಸೊಲ್ಯೂಶನ್, ಟೈರು ಬಿಚ್ಚುವ ಲಿವರುಗಳು ಮತ್ತು ಗಾಳಿ ತುಂಬುವ ಪಂಪು ಬೇಕು, ಏಕೆಂದರೆ ಮೂರನೆಯ ಪಂಕ್ಚರನ್ನು ದಾರಿಯಲ್ಲೇ ಕುಳಿತು ಹಾಕಿಕೊಳ್ಳಬೇಕಾಗುತ್ತದೆ. ಫ್ಯಾನ್ ಬೆಲ್ಟ್, ರೇಡಿಯೇಟರ್ ಹೋಸ್, ಕಮಾನು ಪಟ್ಟಿಗಳನ್ನು ಬಿಗಿಯುವ ಯು ಬೋಲ್ಟು ಮತ್ತು ನಡುವಿನ ಬೋಲ್ಟು, ಬೈಂಡಿಂಗ್ ವೈರು, ಹಳೆಯ ಟ್ಯೂಬಿನಿಂದ ಕತ್ತರಿಸಿದ ರಬ್ಬರ್ ಪಟ್ಟಿಗಳು, ಎಂ-ಸೀಲ್: ಇವಿಷ್ಟಿದ್ದರೆ ಹೆಚ್ಚಿನ ಕಷ್ಟಗಳಿಂದ ಪಾರಾಗಬಹುದು. ಕಲ್ಲು ಬಡಿದು ಡೀಸೆಲ್ ಟ್ಯಾಂಕ್ ಸೋರತೊಡಗಿದರೆ ಬಟ್ಟೆ ಸೋಪನ್ನು ಬಿರುಕಿಗೆ ಒತ್ತಿ ತಿಕ್ಕಿದರೆ ಊರು ಮುಟ್ಟುವವರೆಗೆ ಸೋರಿಕೆ ನಿಲ್ಲುತ್ತದೆ. ಈ ಉಪಾಯ ನಮ್ಮ ಲಾರಿ ಚಾಲಕರಿಗೂ ಹೊಸದೇನಲ್ಲ.

ಭಾರವಾದ ಸಾಮಾನನ್ನು ಮೇಲಿನ ಕ್ಯಾರಿಯರ್ ಮೇಲೆ ಹೇರುವ ಅಭ್ಯಾಸವನ್ನು ತಡೆಯಬೇಕು. ಅದರಿಂದ ಕ್ಯಾರಿಯರ್ ಬಿರುಕು ಬಿಡುತ್ತದೆ, ಇಳಿಜಾರಿನ ತಿರುವಿನಲ್ಲಿ ಗಾಡಿ ಮಗುಚಲೂಬಹುದು. ನೀರು, ಡೀಸೆಲ್, ಪೈಪು ತಿರುಗಿಸುವ ದೊಡ್ಡ ಪಾನಾಗಳು ಕೆಳಗೆ, ಎರಡು ಆಕ್ಸಲ್‌ಗಳ ನಡುವೆ ಇರಲಿ. ಹಾಸಿಗೆ, ಸೊಳ್ಳೆ ಪರದೆ, ಖಾಲಿ ಕ್ಯಾನುಗಳು ಮೇಲಿರಲಿ.

ಲಾರಿಗಳು ಓಡಾಡಿದ ಜಲ್ಲಿ ದಾರಿ ಕೆಲವೇ ವಾರಗಳಲ್ಲಿ ತಗಡಿನ ಶೀಟಿನಂತೆ ಅಲೆ ಅಲೆಯಾಗುತ್ತದೆ. ನಿಧಾನವಾಗಿ ಹೋದರೆ ಹಲ್ಲು ಕಟಕಟಿಸುವಷ್ಟು ನಡುಕ, 60–70 ಕಿ.ಮೀ. ವೇಗಕ್ಕೆ ಬಂದರೆ ಚಕ್ರಗಳು ಅಲೆಗಳ ತುದಿಯ ಮೇಲಷ್ಟೇ ಹಾಯುವುದರಿಂದ ಪ್ರಯಾಣ ಹಗುರವೆನಿಸುತ್ತದೆ. ಹೊಸಬರಿಗೆ ತಿಳಿಯದ ಸಂಗತಿಯೆಂದರೆ, ಆ ಸುಖದ ಹೊತ್ತಿನಲ್ಲಿ ಚಕ್ರಕ್ಕೆ ನೆಲದ ಹಿಡಿತ ಕಡಿಮೆಯಾಗಿರುತ್ತದೆ; ಬ್ರೇಕು ಮತ್ತು ಸ್ಟಿಯರಿಂಗ್ ಎರಡೂ ತಡವಾಗಿ ಕೆಲಸ ಮಾಡುತ್ತವೆ. ನೇರವಾಗಿ, ದೂರದವರೆಗೆ ಕಾಣುವ ಜಾಗದಲ್ಲಿ ಮಾತ್ರ ಆ ವೇಗ ಸರಿ. ನಡುಕದ ಪರಿಣಾಮ ಸಂಜೆ ಗೊತ್ತಾಗುತ್ತದೆ. ಪ್ರತಿ ಸಂಜೆ, ಊಟಕ್ಕೆ ಮೊದಲು, ಗಾಡಿಯ ಕೆಳಗೆ ತೂರಿ ಚಕ್ರದ ನಟ್ಟು, ಯು ಬೋಲ್ಟು, ಶಾಕ್ ಅಬ್ಸಾರ್ಬರಿನ ತುದಿಗಳು, ಬ್ಯಾಟರಿಯ ಹಿಡಿಕೆ, ಟ್ಯಾಂಕಿನ ಪಟ್ಟಿಗಳನ್ನು ನೋಡಬೇಕು. ನಟ್ಟಿನಿಂದ ಬೋಲ್ಟಿನವರೆಗೆ ಬಣ್ಣದ ಗೆರೆಯೊಂದನ್ನು ಮೊದಲೇ ಎಳೆದಿಟ್ಟರೆ, ಗೆರೆ ಸರಿದಿರುವುದು ಟಾರ್ಚಿನ ಬೆಳಕಿನಲ್ಲೂ ತಕ್ಷಣ ಕಾಣುತ್ತದೆ. ಏರ್ ಫಿಲ್ಟರಿನ ಧೂಳನ್ನು ಕೊಡವುವುದೂ ಇದೇ ಹೊತ್ತಿನ ಕೆಲಸ.

ಚಾಲಕರ ವಿಷಯದಲ್ಲಿ ನನ್ನ ಅಭಿಪ್ರಾಯ ಖಡಾಖಂಡಿತವಾಗಿದೆ. ನೈರೋಬಿಯ ಚಾಲಕ ಎಷ್ಟೇ ನುರಿತವನಾದರೂ ಇಸಿಯೊಲೊ ಅಥವಾ ಮರ್ಸಬಿಟ್‌ನವನೊಬ್ಬ ಜೊತೆಗಿರಬೇಕು; ಮುಂದೆ ಹೋಗಬೇಕೋ ಬೇಡವೋ ಎಂಬ ಪ್ರಶ್ನೆ ಬಂದಾಗ ಅವರಿಬ್ಬರಲ್ಲಿ ಒಬ್ಬರು ಬೇಡವೆಂದರೂ ಗಾಡಿ ನಿಲ್ಲಬೇಕು, ಮತ್ತು ಎಂಜಿನಿಯರನಾಗಲಿ ಅಧಿಕಾರಿಯಾಗಲಿ ಆ ಮಾತನ್ನು ಮೀರುವಂತಿರಬಾರದು. ಚಾಲಕರ ದಿನಭತ್ಯೆಯನ್ನು ಹೊರಡುವ ಮೊದಲೇ ಕೊಟ್ಟುಬಿಡಬೇಕು. ಸಾಲ ಮಾಡಿ ಊಟ ಮಾಡುವ ಚಾಲಕನ ಗಮನ ದಾರಿಯ ಮೇಲಿರುವುದಿಲ್ಲ.

ದಾರಿಯಲ್ಲಿ ಎದುರಾಗುವ ಇತರ ವಾಹನಗಳಲ್ಲಿ ಉತ್ತೇಜನಕ್ಕಾಗಿ ಜಗಿಯುವ ಮಿರಾ ಎಲೆ ಸಾಗಿಸುವ ಪಿಕಪ್‌ಗಳಿಗೆ ವಿಶೇಷವಾಗಿ ಜಾಗ ಬಿಡಬೇಕು. ಮೇರು ಸೀಮೆಯಲ್ಲಿ ಬೆಳೆಯುವ ಆ ಎಲೆಗೆ ತಾಜಾ ಇರುವಾಗ ಮಾತ್ರ ಬೆಲೆಯಾದ್ದರಿಂದ ಅವು ಯಾರಿಗಾಗಿಯೂ ನಿಲ್ಲುವುದಿಲ್ಲ. ಮೊಯಾಲೆಯ ಗಡಿ ದಾಟಿದರೆ ರಸ್ತೆಯ ಬಲಬದಿಯಲ್ಲಿ ಓಡಿಸಬೇಕು ಎಂಬುದನ್ನೂ ನೆನಪಿಡಬೇಕು; ಕೀನ್ಯಾದಲ್ಲಿ ಮಾತ್ರ ನಮ್ಮಂತೆ ಎಡಬದಿ.

ಹಳ್ಳ, ಮರಳು, ಉಪ್ಪಿನ ಬಯಲು

ಇಲ್ಲಿನ ಮಳೆಗಾಲಗಳು ಎರಡು: ಮಾರ್ಚ್‌ನಿಂದ ಮೇವರೆಗಿನ ದೊಡ್ಡ ಮಳೆ, ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಚಿಕ್ಕ ಮಳೆ. ವರ್ಷದ ಬಹುಭಾಗ ಒಣ ಮರಳಾಗಿರುವ ಹಳ್ಳಗಳಿಗೆ ಅಲ್ಲಿ ಲುಗ್ಗ ಎನ್ನುತ್ತಾರೆ. ತಲೆಯ ಮೇಲೆ ಮೋಡವೇ ಇಲ್ಲದಿದ್ದರೂ ದೂರದ ಬೆಟ್ಟದಲ್ಲಿ ಬಿದ್ದ ಮಳೆ ಲುಗ್ಗದಲ್ಲಿ ಒಮ್ಮೆಲೇ ನುಗ್ಗಿ ಬರುತ್ತದೆ. ನೆರಳಿದೆ, ಮರಳು ಮೆತ್ತಗಿದೆ ಎಂದು ಅದರ ಪಾತ್ರದಲ್ಲಿ ಗುಡಾರ ಹಾಕಬಾರದು. ನೀರು ಹರಿಯುತ್ತಿದ್ದರೆ ಮಾಡಬೇಕಾದದ್ದು ದಡದಲ್ಲಿ ಕೂರುವುದು. ಸಾಮಾನ್ಯವಾಗಿ ಕೆಲವು ಗಂಟೆಗಳಲ್ಲಿ ಇಳಿಯುತ್ತದೆ, ಇಳಿಯದಿದ್ದರೆ ರಾತ್ರಿ ಅಲ್ಲೇ ಎತ್ತರದ ಜಾಗದಲ್ಲಿ ಉಳಿಯಬೇಕು. ಇಳಿದ ಮೇಲೂ ಒಬ್ಬರು ಕೋಲು ಹಿಡಿದು ನಡೆದು ಆಚೆ ದಡ ಮುಟ್ಟಿದ ನಂತರವೇ ಗಾಡಿ ಇಳಿಸಬೇಕು. ನೀರು ಮೊಣಕಾಲು ಮೀರಿದ್ದರೆ ಅಥವಾ ನಡೆಯುವವನ ಕಾಲು ಸರಿಯುತ್ತಿದ್ದರೆ ಇನ್ನೂ ಕಾಯಬೇಕು.

ಒಣ ಮರಳನ್ನು ದಾಟುವ ಕ್ರಮ ಬೇರೆ. ದಡದ ಮೇಲೆ ನಿಂತು ಟೈರಿನ ಗಾಳಿಯನ್ನು 18 ಪಿಎಸ್‌ಐ ಆಸುಪಾಸಿಗೆ ಇಳಿಸಿ, ಫೋರ್ ವೀಲ್ ಡ್ರೈವನ್ನು ಕೆಳಗಿನ ಗೇರುಗಳಿಗೆ ಹಾಕಿ, ಎರಡನೆಯ ಗೇರಿನಲ್ಲಿ ಒಂದೇ ಸಮನಾಗಿ ಸಾಗಬೇಕು. ನಡುವೆ ಗೇರು ಬದಲಿಸಬಾರದು, ಬ್ರೇಕು ಒತ್ತಬಾರದು. ಚಕ್ರ ತಿರುಗುತ್ತಲೇ ಗಾಡಿ ನಿಂತಿತೆಂದರೆ ಆಕ್ಸಲರೇಟರನ್ನು ತಕ್ಷಣ ಬಿಡಬೇಕು. ಇನ್ನೊಮ್ಮೆ ಒತ್ತಿದಷ್ಟೂ ಚಕ್ರ ಆಳಕ್ಕೆ ಹೂತುಕೊಂಡು ಒಂದು ಗಂಟೆಯ ಸಲಿಕೆ ಕೆಲಸ ಹೆಚ್ಚಾಗುತ್ತದೆ. ಆಚೆ ದಡದಲ್ಲಿ ಮತ್ತೆ ಗಾಳಿ ತುಂಬಿಸದೆ ಕಲ್ಲಿನ ಮೇಲೆ ಓಡಿಸಿದರೆ ಟೈರಿನ ಪಕ್ಕೆ ಹೋಗುತ್ತದೆ. ಬೇಸರವಾದರೂ ಪ್ರತಿ ಸಲವೂ ತುಂಬಿಸಬೇಕು.

ಮರ್ಸಬಿಟ್‌ಗೂ ತುರ್ಕಾನಾ ಸರೋವರಕ್ಕೂ ನಡುವೆ ಇರುವ ಚಲ್ಬಿ ಒಂದು ಕಾಲದ ಸರೋವರದ ತಳ. ಒಣಗಿದಾಗ ಗಟ್ಟಿಯಾದ ಉಪ್ಪಿನ ನೆಲದ ಮೇಲೆ ವಾಹನ ಹಾರಿದಂತೆ ಹೋಗುತ್ತದೆ. ಮಳೆ ಬಿದ್ದರೆ ಅದೇ ನೆಲ ಕೆಸರಾಗಿ ಲಾರಿಗಳನ್ನು ದಿನಗಟ್ಟಲೆ ಹಿಡಿದಿಡುತ್ತದೆ. ಅಲ್ಲಿ ಹಳೆಯ ಚಕ್ರದ ಗುರುತುಗಳನ್ನು ನಂಬಬಾರದು, ಹಿಂದಿನ ಎರಡು ದಿನಗಳಲ್ಲಿ ದಾಟಿ ಬಂದವರನ್ನು ಹುಡುಕಿ ಕೇಳಬೇಕು.

ನಕ್ಷೆಯ ಬಗ್ಗೆ ಒಂದು ಮಾತು. ಕೀನ್ಯಾದ ಹಳೆಯ ಸರ್ವೆ ನಕ್ಷೆಗಳು ಆರ್ಕ್ 1960 ಎಂಬ ಆಧಾರಮಾನದ (ಅಕ್ಷಾಂಶ ರೇಖಾಂಶಗಳನ್ನು ಲೆಕ್ಕಹಾಕುವ ತಳಹದಿಯ) ಮೇಲಿವೆ, ಜಿಪಿಎಸ್ ಉಪಕರಣಗಳು ಡಬ್ಲ್ಯುಜಿಎಸ್ 84ರ ಮೇಲೆ. ಹೊಂದಿಸಿಕೊಳ್ಳದಿದ್ದರೆ ಸುಮಾರು 300 ಮೀಟರ್ ವ್ಯತ್ಯಾಸ ಬರುತ್ತದೆ. ಪೊದೆಗಳ ನಡುವೆ ಹಳೆಯ ಕೊಳವೆಬಾವಿಯ ಕೇಸಿಂಗ್ ಪೈಪನ್ನು ಹುಡುಕುವವರಿಗೆ ಅದು ಸಣ್ಣ ಅಂತರವಲ್ಲ.

ನೀರು ಮತ್ತು ಊಟ

ಕುಡಿಯಲು ತಲೆಗೆ ದಿನಕ್ಕೆ 5 ಲೀಟರ್, ಅದರ ಮೇಲೆ ಎರಡು ದಿನಕ್ಕಾಗುವಷ್ಟು ಹೆಚ್ಚುವರಿ ನೀರು ಇರಬೇಕು. ಒಂದೇ ದೊಡ್ಡ ಡ್ರಮ್ಮಿನಲ್ಲಿ ಇಡದೆ 20 ಲೀಟರಿನ ಹಲವು ಕ್ಯಾನುಗಳಲ್ಲಿ ಹಂಚಿಡಬೇಕು, ಏಕೆಂದರೆ ನಡುಕಕ್ಕೆ ಒಂದಾದರೂ ಒಡೆದೇ ಒಡೆಯುತ್ತದೆ. ರಾಯಚೂರಿನ ಬಿಸಿಲು ಕಂಡವರಿಗೆ ಲೈಸಮಿಸ್‌ನ ಬಿಸಿಲೇನೂ ಹೆಚ್ಚಲ್ಲ ಎನಿಸಬಹುದು. ಆದರೆ ಸರೋವರದ ಕಡೆ ಬೀಸುವ ಒಣಗಾಳಿ ಬೆವರನ್ನು ಕಾಣದಂತೆ ಆರಿಸಿಬಿಡುವುದರಿಂದ ಬಾಯಾರಿಕೆ ತಿಳಿಯುವಷ್ಟರಲ್ಲಿ ತಲೆನೋವು ಬಂದಿರುತ್ತದೆ. ಓಆರ್‌ಎಸ್ ಪೊಟ್ಟಣ ಮುಗಿದರೆ ಒಂದು ಲೀಟರ್ ಶುದ್ಧ ನೀರಿಗೆ ಆರು ಮಟ್ಟಸ ಚಹಾ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಬೆರೆಸಿಕೊಳ್ಳಬಹುದು.

ಸಸ್ಯಾಹಾರಿಗಳು ಹೆದರುವಷ್ಟು ಕಷ್ಟ ಈ ದಾರಿಯಲ್ಲಿ ಇಲ್ಲ. ಚಪಾತಿ ಮತ್ತು ಹಾಲು ಹಾಕಿದ ಚಹಾ ಭಾರತೀಯರೊಡನೆ ಹೋಗಿ ಕೀನ್ಯಾದವರದೇ ಆಗಿಬಿಟ್ಟಿವೆ. ಚಿಕ್ಕ ಹೋಟೆಲುಗಳಲ್ಲೂ ಸಿಗುತ್ತವೆ. ಮೆಕ್ಕೆಜೋಳ ಮತ್ತು ಹುರುಳಿಕಾಯಿ ಬೀಜ ಬೇಯಿಸಿದ ಗಿಥೇರಿ, ಮೆಕ್ಕೆಜೋಳದ ಹಿಟ್ಟಿನ ಗಟ್ಟಿ ಮುದ್ದೆಯಾದ ಉಗಾಲಿ, ಅದರ ಜೊತೆಗೆ ಸುಕುಮಾ ಸೊಪ್ಪು ಇದ್ದರೆ ಹೊಟ್ಟೆ ತುಂಬುತ್ತದೆ. ಎತ್ತರದ ಸೀಮೆಯ ಸಂತೆಗಳಲ್ಲಿ ಸಿಗುವ ಕಪ್ಪು ನ್ಜಾಹಿ ಕಾಳು ನಮ್ಮ ಅವರೆಯ ಜಾತಿಯದೇ. ಒಂದು ಸೇರು ಕಟ್ಟಿಸಿಕೊಂಡರೆ ಗುಡಾರದಲ್ಲಿ ಹುಳಿ ಮಾಡಬಹುದು. ಮೊಯಾಲೆ ತಲುಪಿದಾಗ ಬುಧವಾರ ಅಥವಾ ಶುಕ್ರವಾರವಾಗಿದ್ದರೆ ಅದೃಷ್ಟ. ಇಥಿಯೋಪಿಯಾದ ಆರ್ಥೊಡಾಕ್ಸ್ ಕ್ರೈಸ್ತರು ಅಂದು ಉಪವಾಸವೆಂದು ಮಾಂಸ, ಹಾಲು, ಮೊಟ್ಟೆ ಬಿಡುವುದರಿಂದ ದೋಸೆಯಂಥ ಇಂಜೆರಾದ ಮೇಲೆ ಬೇಳೆ, ಸೊಪ್ಪು, ಕಡಲೆಹಿಟ್ಟಿನ ಶಿರೊ ಬಡಿಸುವ ಊಟ ಎಲ್ಲೆಡೆ ಸಿಗುತ್ತದೆ. ಊರಿಂದ ಅವಲಕ್ಕಿ, ಶೇಂಗಾ ಚಟ್ನಿಪುಡಿ, ಬೆಲ್ಲ ಒಯ್ದರೆ ಸಾಕು. ಖಡಕ್ ರೊಟ್ಟಿ ತಿಂಗಳುಗಟ್ಟಲೆ ಕೆಡುವುದಿಲ್ಲವೆಂಬುದು ನಿಜವಾದರೂ ಇಸಿಯೊಲೊ ದಾಟಿ ಅರ್ಧ ದಿನದಲ್ಲಿ ಅದು ಹಿಟ್ಟಾಗಿರುತ್ತದೆ. ಚಟ್ನಿಪುಡಿಗೆ ಬೆರೆಸಿ ತಿನ್ನಲು ಆಗ ಇನ್ನೂ ಸುಲಭ.

ಜನರ ನಡುವೆ

ಸಂಬುರು, ರೆಂಡಿಲೆ, ಗಬ್ರಾ, ಬೊರಾನ ಸಮುದಾಯಗಳ ಸೀಮೆಗಳನ್ನು ಒಂದರ ನಂತರ ಒಂದರಂತೆ ಈ ದಾರಿ ಹಾದುಹೋಗುತ್ತದೆ. ಮೇವು ಮತ್ತು ನೀರಿನ ಹಕ್ಕಿನ ಜಗಳಗಳು ಎಷ್ಟು ಭೀಕರವಾಗಬಲ್ಲವು ಎಂಬುದಕ್ಕೆ 2005ರ ಜುಲೈಯಲ್ಲಿ ಟರ್ಬಿಯಲ್ಲಿ ಶಾಲಾ ಮಕ್ಕಳೂ ಸೇರಿ ಹತ್ತಾರು ಜನ ಹತರಾದ ದಾಳಿ ಸಾಕ್ಷಿ. ಹೊರಗಿನವರು ಇದರಲ್ಲಿ ಪಕ್ಷ ವಹಿಸದಿದ್ದರೂ, ಗಾಡಿಯಲ್ಲಿ ಕೂರಿಸಿಕೊಂಡ ದಾರಿಕಾರ ಯಾವ ಸಮುದಾಯದವನು ಎಂಬುದರಿಂದಲೇ ಪಕ್ಷ ವಹಿಸಿದಂತೆ ಕಾಣಬಹುದು. ಆದ್ದರಿಂದ ಪ್ರತಿ ಸೀಮೆಯಲ್ಲೂ ಅಲ್ಲಿಯವನನ್ನೇ ಜೊತೆ ಮಾಡಿಕೊಂಡು ಮುಂದಿನ ಸೀಮೆಯಲ್ಲಿ ಬದಲಿಸುವುದು ಉತ್ತಮ. ಹಳ್ಳಿ ಮುಟ್ಟಿದ ಮೇಲೆ ಮೊದಲು ಚೀಫ್ ಅವರನ್ನು, ಹಿರಿಯರನ್ನು ಕಂಡು, ಮಳೆ, ಮೇವು, ಮನೆಯವರ ಕ್ಷೇಮವನ್ನೆಲ್ಲ ನಿಧಾನವಾಗಿ ವಿಚಾರಿಸಿ, ಚಹಾ ಕುಡಿದು, ಆಮೇಲೆ ಕೆಲಸದ ಮಾತು. ಯಾರ ಬಳಿ ಎಷ್ಟು ಒಂಟೆಗಳಿವೆ ಎಂದು ಕೇಳಬಾರದು. ಕೇಳದೆ ಫೋಟೊ ತೆಗೆಯಬಾರದು. ಒಂಟೆಯ ಹಾಲನ್ನು ಕೊಟ್ಟರೆ ಚಹಾದಲ್ಲಿ ಕಾಯಿಸಿ ಕುಡಿಯಬೇಕು, ಹಸಿ ಹಾಲಿನಿಂದ ಬ್ರುಸೆಲ್ಲೋಸಿಸ್ ಎಂಬ ಜ್ವರದ ರೋಗ ಬರುವ ಅಪಾಯವಿದೆ. ಬಾವಿಯ ಬಳಿ ಜಾನುವಾರುಗಳ ಸರದಿ ನಡೆಯುತ್ತಿರುವಾಗ ನಡುವೆ ನುಗ್ಗಿ ಕ್ಯಾನು ತುಂಬಿಸಿಕೊಳ್ಳುವುದಂತೂ ಎಂದಿಗೂ ಸಲ್ಲದು.

ಕೈಪಂಪಿನ ಕೆಲಸಕ್ಕೆ ಹೋಗುವವರು ಪಂಪು ಯಾವ ಜಾತಿಯದು ಎಂದು ಹೊರಡುವ ಮೊದಲೇ ತಿಳಿದುಕೊಳ್ಳಬೇಕು, ಗಾಡಿಯ ಭಾರವೇ ಅದರಿಂದ ಬದಲಾಗುತ್ತದೆ. 1970ರ ದಶಕದಲ್ಲಿ ಭಾರತದಲ್ಲಿ ರೂಪುಗೊಂಡು ನಮ್ಮ ಹಳ್ಳಿಗಳಲ್ಲಿ ಬೋರಿಂಗ್ ಎಂದೇ ಹೆಸರಾದ ಇಂಡಿಯಾ ಮಾರ್ಕ್ 2 ಆಫ್ರಿಕಾದಲ್ಲೂ ಹರಡಿದೆ. ಅದರ ಸಿಲಿಂಡರ್ ರಿಪೇರಿಗೆ ಕಬ್ಬಿಣದ ಪೈಪುಗಳನ್ನೆಲ್ಲ ಮೇಲೆತ್ತಬೇಕು. ಅದಕ್ಕೆ ಮೂರು ಕಾಲಿನ ಸ್ಟ್ಯಾಂಡು, ಕ್ಲಾಂಪುಗಳು ಮತ್ತು ನಾಲ್ಕಾರು ಜನರ ತೋಳು ಬೇಕು. ಆಫ್ರಿಡೆವ್ ಪಂಪಿನಲ್ಲಾದರೋ ಪೈಪು ಎತ್ತದೆಯೇ ಒಳಗಿನ ಪ್ಲಂಜರನ್ನೂ ತಳದ ವಾಲ್ವನ್ನೂ ಮೇಲಕ್ಕೆಳೆಯಬಹುದು, ಒಂದು ಪಾನಾ ಮತ್ತು ಒಂದು ಕೊಕ್ಕೆ ಸಾಕು. ರಬ್ಬರ್ ಸೀಲುಗಳನ್ನು ಮಾತ್ರ ಅಗತ್ಯಕ್ಕಿಂತ ಹೆಚ್ಚಾಗಿ ಒಯ್ದು, ಉಳಿದವನ್ನು ಪಂಪು ನೋಡಿಕೊಳ್ಳುವ ಹೆಂಗಸರ ಕೈಗೆ ಕೊಟ್ಟು ಬರಬೇಕು.

ಹೊರಡುವ ಮೊದಲು ಮತ್ತು ಮರಳಿದ ಮೇಲೆ

ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ, ನಿಗದಿತ ಹೊತ್ತಿಗೆ ಒಬ್ಬರೇ ವ್ಯಕ್ತಿಗೆ ಇರುವ ಜಾಗ ತಿಳಿಸುವ ಕ್ರಮ ಇರಲಿ. ಮೊದಲು ಇದಕ್ಕೆ ಎಚ್‌ಎಫ್ ರೇಡಿಯೊ ಇತ್ತು, 2000ದ ದಶಕದಲ್ಲಿ ತುರಾಯಾ ಉಪಗ್ರಹ ಫೋನು ಬಂತು. ಈಗ ಪಟ್ಟಣಗಳಲ್ಲಿ ಮೊಬೈಲ್ ಸಿಗುತ್ತದೆಯಾದರೂ ನಡುವಿನ ಬಯಲುಗಳಿಗೆ ಉಪಗ್ರಹ ಫೋನೇ ಬೇಕು. ನೈರೋಬಿಯ ವಿಲ್ಸನ್ ವಿಮಾನ ನಿಲ್ದಾಣದಿಂದ ಹೊರಡುವ ಆಮ್ರೆಫ್ ಹಾರುವ ವೈದ್ಯರ ಸೇವೆಗೆ ಮೊದಲೇ ಚಂದಾದಾರರಾಗಿ, ಸಂಖ್ಯೆಯನ್ನು ಗಾಡಿಯ ಬಾಗಿಲಿನ ಒಳಗೆ ಅಂಟಿಸಬೇಕು.

ಹಳದಿ ಜ್ವರದ ಲಸಿಕೆಯನ್ನು ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಕೀನ್ಯಾದಿಂದ ಮರಳುವವರ ಬಳಿ ಅದರ ಪ್ರಮಾಣಪತ್ರ ಇಲ್ಲದಿದ್ದರೆ ಭಾರತದ ವಿಮಾನ ನಿಲ್ದಾಣದಲ್ಲೇ ತಡೆದು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಒಮ್ಮೆ ಪಡೆದ ಪ್ರಮಾಣಪತ್ರ 2016ರಿಂದ ಜೀವಮಾನವಿಡೀ ಸಲ್ಲುತ್ತದೆ, ಹಳೆಯ ಹಳದಿ ಪುಸ್ತಕವನ್ನು ಎಸೆಯಬಾರದು. ಮಲೇರಿಯಾ ತಡೆಯುವ ಮಾತ್ರೆಯನ್ನು ವೈದ್ಯರನ್ನು ಕೇಳಿ ಆರಿಸಿಕೊಳ್ಳಬೇಕು. ಡಾಕ್ಸಿಸೈಕ್ಲಿನ್ ಆದರೆ ಮರಳಿದ ಮೇಲೂ ನಾಲ್ಕು ವಾರ ನುಂಗಬೇಕು, ಊರಿಗೆ ಬಂದ ಸಂಭ್ರಮದಲ್ಲಿ ಬಹಳ ಜನ ನಿಲ್ಲಿಸಿಬಿಡುವುದು ಇದನ್ನೇ. ಅಲ್ಲಿಯದು ಮಿದುಳಿಗೇರಬಲ್ಲ ಫಾಲ್ಸಿಪೇರಮ್ ಮಲೇರಿಯಾ. ಮರಳಿದ ನಂತರದ ಮೂರು ತಿಂಗಳಲ್ಲಿ ಯಾವ ಜ್ವರ ಬಂದರೂ ಅದೇ ದಿನ ರಕ್ತಪರೀಕ್ಷೆ ಮಾಡಿಸಬೇಕು, ಮತ್ತು ಆಫ್ರಿಕಾದಲ್ಲಿ ಇದ್ದು ಬಂದುದನ್ನು ವೈದ್ಯರು ಕೇಳುವ ಮೊದಲೇ ಹೇಳಬೇಕು.